ವಾರದ ಸಭೆಯ ಹಾಳೆಗಳು

ಕಲಬುರಗಿ ಸೀಮೆಯ ಚರಿತ್ರೆಯನ್ನು ಬರೆಯ ಹೊರಟವರಿಗೆ ಪ್ರಾಚೀನ ಕಾಲದ ಆಕರಗಳ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯವು ಕಲಬುರಗಿಯ ಕೋಟೆಯಿಂದಲೇ ಆಳಿತು. ಶಿಲಾಶಾಸನಗಳಿವೆ, ಫಾರಸಿ ತವಾರೀಖುಗಳಿವೆ, ನಿಜಾಮ ಸರಕಾರದ ಉರ್ದು ಕಡತಗಳಿವೆ. ತೊಡಕು ಉಂಟಾಗುವುದು ಈಚಿನ ಕಾಲಕ್ಕೆ ಬಂದಾಗ. ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ನಮ್ಮ ಊರುಗಳ ವಕೀಲರು, ವೈದ್ಯರು, ದಾಲ್ ಮಿಲ್ಲಿನ ಮಾಲೀಕರು, ಅಡತಿ ವ್ಯಾಪಾರಿಗಳು, ಶಿಕ್ಷಕರು ಮೊದಲಾದ ಸಾಮಾನ್ಯ ಗೃಹಸ್ಥರು ಒಂದೆಡೆ ಕುಳಿತು ಯಾವ ವಿಷಯವನ್ನು ಆಲೋಚಿಸಿದರು, ಯಾವ ಕಾರ್ಯಕ್ಕೆ ಹಣ ಕೂಡಿಸಿದರು, ಯಾರನ್ನು ನೆನೆದರು, ಯಾರನ್ನು ಮರೆತರು ಎಂಬುದನ್ನು ಯಾವ ಸರಕಾರಿ ಕಡತವೂ ಹೇಳುವುದಿಲ್ಲ. ಅದನ್ನು ಹೇಳಬಲ್ಲ ಆಕರವೊಂದು ಇತ್ತು. ಅದು ಒಂದೆರಡು ಹಾಳೆಗಳ ತೆಳುವಾದ ಪತ್ರಿಕೆ. ಸೇವಾಸಂಘಗಳ, ಅಂದರೆ ರೋಟರಿ ಮುಂತಾದ ಕ್ಲಬ್ಬುಗಳ, ವಾರದ ಸಭೆಯ ಸಮಾಚಾರಪತ್ರ. ಕಳೆದ ವಾರ ಯಾರು ಮಾತನಾಡಿದರು, ಬರುವ ವಾರ ಯಾರು ಬರುವರು, ಎಷ್ಟು ಜನ ಹಾಜರಿದ್ದರು, ಯಾರ ಮಗಳ ವಿವಾಹ, ಯಾರು ಕಾಯಿಲೆ ಬಿದ್ದಿರುವರು, ಯಾವ ಹಳ್ಳಿಯಲ್ಲಿ ನೇತ್ರ ಚಿಕಿತ್ಸಾ ಶಿಬಿರ ನಡೆಯಲಿದೆ ಎಂಬ ಸುದ್ದಿಗಳು ಅದರಲ್ಲಿರುತ್ತಿದ್ದವು. ಓದಿದ ಮರುದಿನವೇ ಅದು ರದ್ದಿಗೆ ಸೇರುತ್ತಿತ್ತು. ಇಂಥ ಹಾಳೆಗೆ ಇತಿಹಾಸದ ಬೆಲೆಯುಂಟೆಂದು ಬಗೆದವರು ಕಡಿಮೆ. ಬೆಲೆಯುಂಟೆಂದೇ ಈ ಲೇಖನದ ವಾದ.

ಈ ಪದ್ಧತಿಯ ಮೂಲವನ್ನು ಮೊದಲು ಅರಿಯಬೇಕು. 1905ನೆಯ ಇಸವಿ ಫೆಬ್ರವರಿ 23ರ ಸಂಜೆ ಅಮೆರಿಕದ ಶಿಕಾಗೋ ನಗರದ ಯೂನಿಟಿ ಕಟ್ಟಡದ 711ನೆಯ ಕೋಣೆಯಲ್ಲಿ ನಾಲ್ವರು ಕೂಡಿದರು. ಪಾಲ್ ಹ್ಯಾರಿಸ್ ಎಂಬ ವಕೀಲ, ಗಸ್ಟಾವಸ್ ಲೋಯರ್ ಎಂಬ ಗಣಿ ಎಂಜಿನಿಯರು, ಸಿಲ್ವೆಸ್ಟರ್ ಶೀಲ್ ಎಂಬ ಕಲ್ಲಿದ್ದಲು ವ್ಯಾಪಾರಿ, ಹೈರಾಮ್ ಶೋರಿ ಎಂಬ ದರ್ಜಿ ವ್ಯಾಪಾರಿ. ಪಾಲ್ ಹ್ಯಾರಿಸರು ಸಣ್ಣ ಊರಿನಲ್ಲಿ ಬೆಳೆದವರು. ಶಿಕಾಗೋದಲ್ಲಿ ಕಕ್ಷಿಗಾರರು ಸಿಕ್ಕರು, ಹಣವೂ ಸಿಕ್ಕಿತು; ಹಳ್ಳಿಯ ನೆರೆಹೊರೆ ಮಾತ್ರ ಸಿಗಲಿಲ್ಲ. ಆ ಒಂಟಿತನವೇ ಈ ಸಂಸ್ಥೆಯ ಬೀಜ. ಸಭೆಯನ್ನು ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸರದಿಯ ಮೇಲೆ ನಡೆಸುತ್ತಿದ್ದುದರಿಂದ, ಚಕ್ರದಂತೆ ತಿರುಗುವುದು ಎಂಬರ್ಥದ 'ರೋಟರಿ' ಎಂಬ ಹೆಸರು ಬಂದಿತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎಂಬ ಕಟ್ಟಳೆಯನ್ನು ಮಾಡಿಕೊಂಡರು. ಎಲ್ಲರೂ ಒಂದೇ ಕಸುಬಿನವರಾದರೆ ಸಭೆಯು ಪೇಟೆಯ ಅಡ್ಡೆಯಾದೀತು, ಪೈಪೋಟಿ ಬಂದೀತು ಎಂಬ ಎಚ್ಚರಿಕೆ ಅದರಲ್ಲಿತ್ತು. ಐದನೆಯವರಾಗಿ ಸೇರಿದವರು ಹ್ಯಾರಿ ರಗಲ್ಸ್. ಇವರು ಮುದ್ರಣಾಲಯದ ಒಡೆಯರು! ಸಂಘವೊಂದಕ್ಕೆ ಆರಂಭದಲ್ಲಿಯೇ ಮುದ್ರಕನೊಬ್ಬ ದೊರೆತರೆ ಅದರ ಆಯುಷ್ಯ ಹೆಚ್ಚುವುದೆಂಬುದನ್ನು ಮಠಮಾನ್ಯಗಳ ಪತ್ರಿಕೆಗಳನ್ನು ನಡೆಸಿದವರು ಚೆನ್ನಾಗಿ ಬಲ್ಲರು.

ಮೊದಲಿಗೆ ಇದು ಗೆಳೆತನದ ಕೂಟ, ವ್ಯಾಪಾರದ ಪರಸ್ಪರ ನೆರವಿನ ಕೂಟ, ಅಷ್ಟೇ. ಸೇವೆಯೆಂಬುದು ಎರಡು ವರ್ಷಗಳ ಮೇಲೆ ಬಂದಿತು. 1907ರಲ್ಲಿ ಶಿಕಾಗೋ ಸದಸ್ಯರು ಕೈಗೊಂಡ ಮೊದಲ ಸಾರ್ವಜನಿಕ ಕಾರ್ಯವೆಂದರೆ ನಗರಸಭೆಯ ಸಮೀಪ ಸಾರ್ವಜನಿಕ ಶೌಚಾಲಯವನ್ನು ಕಟ್ಟಿಸುವುದು. ಅಮೃತಶಿಲೆಯ ಪ್ರತಿಮೆಯಲ್ಲ, ಗೋಪುರವಲ್ಲ, ಶೌಚಾಲಯ. ನಮ್ಮ ಬಸ್ ನಿಲ್ದಾಣಗಳ ಸ್ಥಿತಿಯನ್ನು ಕಂಡವರಿಗೆ ಈ ಆಯ್ಕೆಯ ವಿವೇಕವು ತಿಳಿಯದಿರದು. 1909ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ ಮೂರನೆಯ ಕ್ಲಬ್ಬು ಹುಟ್ಟಿತು. ಪ್ರತಿವಾರವೂ ತಪ್ಪದೆ ಸೇರುವ ಪದ್ಧತಿಯನ್ನು ಮೊದಲು ಮಾಡಿದವರು ಇವರೇ. ಅದು ಎಲ್ಲೆಡೆಗೂ ಹಬ್ಬಿತು. 1911ರ ಜನವರಿಯಲ್ಲಿ 'ದಿ ನ್ಯಾಷನಲ್ ರೋಟೇರಿಯನ್' ಎಂಬ ಪತ್ರಿಕೆಯು ಚೆಸ್ಲಿ ಪೆರಿ ಅವರ ಸಂಪಾದಕತ್ವದಲ್ಲಿ ಹೊರಟಿತು. ಅದು ಎಲ್ಲ ಕ್ಲಬ್ಬುಗಳಿಗೂ ಸಾಮಾನ್ಯವಾದ ಪತ್ರಿಕೆ. ಊರೂರಿನ ಕ್ಲಬ್ಬುಗಳು ಹೊರಡಿಸತೊಡಗಿದ ವಾರದ ಹಾಳೆಗಳು ಬೇರೆ.

ವಾರಕ್ಕೊಮ್ಮೆ ಎಂಬ ನಿಯಮವು ಮೇಲ್ನೋಟಕ್ಕೆ ಸಣ್ಣದು. ಆದರೆ ಸಂಸ್ಥೆಯ ಜೀವವೆಲ್ಲ ಅದರಲ್ಲಿತ್ತು. ಹಾಜರಾತಿಯು ಕಡ್ಡಾಯ. ಸತತವಾಗಿ ತಪ್ಪಿಸಿಕೊಂಡವರ ಸದಸ್ಯತ್ವವೇ ಹೋಗುತ್ತಿತ್ತು. ವ್ಯಾಪಾರದ ನಿಮಿತ್ತ ಪರಊರಿಗೆ ಹೋದವರು ಅಲ್ಲಿಯ ಕ್ಲಬ್ಬಿನ ಸಭೆಯಲ್ಲಿ ಕುಳಿತು, ಅಲ್ಲಿಯ ಕಾರ್ಯದರ್ಶಿಯಿಂದ ಚೀಟಿ ಪಡೆದು ತಂದರೆ ತಮ್ಮ ಊರಿನ ಹಾಜರಾತಿಯು ಸರಿಹೋಗುತ್ತಿತ್ತು. ಆದುದರಿಂದ ಸೊಲ್ಲಾಪುರದ ವ್ಯಾಪಾರಿಯೊಬ್ಬರು ಕಲಬುರಗಿಯ ಸಭೆಯಲ್ಲಿಯೂ, ಕಲಬುರಗಿಯವರು ಹೈದರಾಬಾದಿನ ಸಭೆಯಲ್ಲಿಯೂ ಕುಳಿತುಕೊಳ್ಳಲು ಅವಕಾಶವಿತ್ತು. ಹೀಗೆ ಬಂದ ಅತಿಥಿಗಳ ಹೆಸರು, ಊರು, ವೃತ್ತಿಗಳನ್ನು ವಾರದ ಹಾಳೆಯಲ್ಲಿ ಅಚ್ಚು ಹಾಕುವ ರೂಢಿ. ಯಾವ ಕಾಲದಲ್ಲಿ ಯಾವ ಊರಿಗೆ ಯಾವ ಪೇಟೆಯ ಸಂಬಂಧ ಗಟ್ಟಿಯಾಗಿತ್ತು ಎಂದು ತಿಳಿಯಬಯಸುವ ಸಂಶೋಧಕನಿಗೆ ಇಂಥ ಹತ್ತು ವರ್ಷಗಳ ಹಾಳೆಗಳು ಸಿಕ್ಕರೆ ಬೇರೊಂದು ಆಕರ ಬೇಡ.

ಭಾರತದಲ್ಲಿ ಮೊದಲ ರೋಟರಿ ಕ್ಲಬ್ಬು 1919ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ಕ್ಲಬ್ಬು 1934ರಲ್ಲಿ ಹುಟ್ಟಿತು. ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷ ಪದವಿಗೆ ಏರಿದ ಮೊದಲ ಭಾರತೀಯರೆಂದರೆ ಕಲಕತ್ತೆಯ ನಿತೀಶ್ ಚಂದ್ರ ಲಾಹಿರಿ. ಅದು 1962-63ನೆಯ ಸಾಲಿನಲ್ಲಿ. ಲಯನ್ಸ್ ಸಂಸ್ಥೆಯು ಮೆಲ್ವಿನ್ ಜೋನ್ಸರಿಂದ 1917ರಲ್ಲಿ ಅದೇ ಶಿಕಾಗೋದಲ್ಲಿ ಹುಟ್ಟಿ, 1956ರಲ್ಲಿ ಮುಂಬಯಿಯ ಮೂಲಕ ನಮ್ಮ ದೇಶಕ್ಕೆ ಬಂದಿತು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಬೆಂಗಳೂರಿನ ಗಣ್ಯರು 1934ರಲ್ಲಿ ನಿರಾತಂಕವಾಗಿ ಊಟದ ಮೇಜಿನ ಸುತ್ತ ಕುಳಿತು ವಾರವಾರವೂ ಭಾಷಣ ಕೇಳುತ್ತಿದ್ದ ಕಾಲದಲ್ಲಿ ಕಲಬುರಗಿಯು ನಿಜಾಮನ ಆಡಳಿತದಲ್ಲಿತ್ತು. 'ಗಸ್ತಿ ನಿಶಾನ್ 53' ಎಂದು ಕುಪ್ರಸಿದ್ಧವಾದ ಸುತ್ತೋಲೆಯ ಪ್ರಕಾರ ಸರಕಾರದ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಸಭೆಯ ಪ್ರಕಟಣೆಯೆಂಬ ಒಂದು ತುಂಡು ಕಾಗದವೇ ಅಂದು ಅಪಾಯದ ವಸ್ತುವಾಗಿತ್ತು. ಆದುದರಿಂದಲೇ ಈ ಭಾಗದಲ್ಲಿ ಸಾರ್ವಜನಿಕ ಜೀವನವು ಶಾಲೆ, ವಾಚನಾಲಯ, ಸಾಹಿತ್ಯ, ಭಜನೆಗಳ ಆಶ್ರಯದಲ್ಲಿ ಬೆಳೆಯಬೇಕಾಯಿತು. 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯವು ಕಲಬುರಗಿಗೆ ಬರಿಯ ಶಾಲೆಯಾಗಿರಲಿಲ್ಲವೆಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಇಲ್ಲಿ ನೆರವೇರಿದುದು ಅಂಥ ಬಿಗಿಯ ನಡುವೆ ದೊರೆತ ಒಂದು ಉಸಿರು. 1948ರ ಸೆಪ್ಟೆಂಬರ್ 17ರಂದು ಈ ಪ್ರಾಂತ ವಿಮೋಚನೆಗೊಂಡಿತು. ಮರುವರ್ಷವೇ, 1949ರಲ್ಲಿ, ಉತ್ತಂಗಿ ಚೆನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಸಮ್ಮೇಳನ ಸೇರಿತು. 1956ರ ನವೆಂಬರ್ 1ರಂದು ಜಿಲ್ಲೆಯು ಕನ್ನಡ ನಾಡಿನಲ್ಲಿ ಒಂದಾಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ವೈದ್ಯರು, ಎಂಜಿನಿಯರರು, ಪ್ರಾಧ್ಯಾಪಕರು ಊರಿನಲ್ಲಿ ಹೆಚ್ಚಿದರು. ಸೇವಾಸಂಘಗಳು ಈ ಸೀಮೆಯಲ್ಲಿ ಬೇರೂರಲು ಬೇಕಾದ ನೆಲ ಹೀಗೆ ಸಿದ್ಧವಾಯಿತು. ಯಾರ ಅಪ್ಪಣೆಯನ್ನೂ ಕೇಳದೆ ಪ್ರತಿವಾರ ಸೇರುವುದು, ಸೇರಿದ್ದನ್ನು ಅಚ್ಚು ಹಾಕಿ ಹಂಚುವುದು ಎಂಬ ಎರಡು ಸಾಮಾನ್ಯ ಸಂಗತಿಗಳ ಹಿಂದೆ ಈ ಭಾಗದವರಿಗೆ ಇಷ್ಟು ದೊಡ್ಡ ಕಥೆಯಿದೆ. ಬೆಂಗಳೂರಿನವರಿಗೆ ಅದು ಬರಿಯ ಶಿಷ್ಟಾಚಾರ. ನಮಗೆ ಗಳಿಸಿಕೊಂಡ ಹಕ್ಕು.

ವಾರದ ಕೂಟವೆಂಬ ಕಲ್ಪನೆಯು ನಮಗೆ ಹೊಸದೇನಲ್ಲ. ಹಳ್ಳಿಗಳಿಗೆ ವಾರದ ಸಂತೆಯಿತ್ತು. ಸಂತೆಯಲ್ಲಿಯೇ ಡಂಗುರದವನು ಸುದ್ದಿ ಸಾರುತ್ತಿದ್ದನು. ಸೋಮವಾರದ ಭಜನೆಯಿತ್ತು. ಗದುಗಿನ ತೋಂಟದಾರ್ಯ ಮಠದಲ್ಲಿ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳು ನಡೆಸಿದ ವಾರದ ಶಿವಾನುಭವವನ್ನು ಈ ಪತ್ರಿಕೆಯ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಭೇದವಿರುವುದು ಬೇರೊಂದು ಕಡೆ. ಶಿವಾನುಭವಕ್ಕೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು. ಕ್ಲಬ್ಬಿಗೆ ಆಹ್ವಾನವಿಲ್ಲದೆ ಸೇರುವಂತಿಲ್ಲ, ವಂತಿಗೆಯನ್ನು ಕೊಡಬೇಕು, ಊಟದ ವೆಚ್ಚವನ್ನು ಭರಿಸಬೇಕು. ಆದುದರಿಂದ ಈ ಹಾಳೆಗಳಲ್ಲಿ ಕಾಣುವ ಊರು ಇಡೀ ಊರಲ್ಲ, ಊರಿನ ಒಂದು ಓಣಿ. ಇದನ್ನು ಮರೆತು ಅವನ್ನು ಓದಿದರೆ ದಾರಿ ತಪ್ಪುತ್ತದೆ.

ಇನ್ನು ಹಾಳೆಯ ಸ್ವರೂಪವನ್ನು ನೋಡೋಣ. ಅದು ಬಹುತೇಕ ಸೈಕ್ಲೋಸ್ಟೈಲ್ ಪ್ರತಿ. ಬೆರಳಚ್ಚು ಯಂತ್ರದ ರಿಬ್ಬನ್ನನ್ನು ಸರಿಸಿ, ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರಗಳನ್ನು ಕೊರೆದು, ಅದನ್ನು ಮಸಿಯ ಉರುಳೆಗೆ ಸುತ್ತಿ ಕೈಯಿಂದ ತಿರುಗಿಸಿದರೆ ಒಂದೊಂದೇ ಪ್ರತಿ ಹೊರಬರುತ್ತಿತ್ತು. ತಪ್ಪಾದರೆ ಬಣ್ಣದ ದ್ರವವನ್ನು ಹಚ್ಚಿ, ಒಣಗಿಸಿ, ಮತ್ತೆ ಹೊಡೆಯಬೇಕು. ಅನುಕೂಲವುಳ್ಳ ಕ್ಲಬ್ಬುಗಳು ಮೊಳೆ ಜೋಡಿಸಿದ ಅಚ್ಚನ್ನು ಮಾಡಿಸುತ್ತಿದ್ದವು. ಮೇಲ್ಭಾಗದಲ್ಲಿ ಹಲ್ಲಿನ ಚಕ್ರದ ಲಾಂಛನ, ಆ ವರ್ಷದ ಅಧ್ಯಕ್ಷ ಕಾರ್ಯದರ್ಶಿಗಳ ಹೆಸರು. ಕೆಳಗೆ ಕಳೆದ ಸಭೆಯ ವೃತ್ತಾಂತ, ಭಾಷಣದ ಸಾರಾಂಶ, ಹಾಜರಾತಿಯ ಶೇಕಡಾ ಲೆಕ್ಕ, ಜನ್ಮದಿನ, ವಿವಾಹದ ವಾರ್ಷಿಕ ದಿನ, ಬರುವ ವಾರದ ಪ್ರಕಟಣೆ. ಒಂದು ಮೂಲೆಯಲ್ಲಿ ನಗೆಹನಿ ಇದ್ದೇ ಇರಬೇಕು. ತಡವಾಗಿ ಬಂದವರಿಗೂ ಬಿಲ್ಲೆ ಧರಿಸದೆ ಬಂದವರಿಗೂ 'ಸಾರ್ಜೆಂಟ್' ಎಂಬ ಪದಾಧಿಕಾರಿಯು ವಿನೋದದ ದಂಡ ಹಾಕುತ್ತಿದ್ದನು. ಆ ದಂಡದ ಮೊತ್ತವೂ ಕೆಲವೊಮ್ಮೆ ಅಚ್ಚಾಗುತ್ತಿತ್ತು. ಊರಿನ ಹೆಸರಾಂತ ವಕೀಲರು ಎಂಟಾಣೆ ದಂಡ ತೆತ್ತರೆಂಬ ಸುದ್ದಿಯನ್ನು ಓದಿ ನಕ್ಕ ಕಿರಿಯ ಗುಮಾಸ್ತನು ಮುಂದೆ ತಾನೇ ಸದಸ್ಯನಾಗುವುದೂ ಉಂಟು.

ಈ ಹಾಳೆಗಳ ಭಾಷೆ ಹೆಚ್ಚಾಗಿ ಇಂಗ್ಲಿಷ್. ಇದಕ್ಕೆ ಕಾರಣವಿಲ್ಲದಿಲ್ಲ. ರೋಟರಿಯ ಜಿಲ್ಲೆಯೆಂದರೆ ಕಂದಾಯ ಜಿಲ್ಲೆಯಲ್ಲ. ಕಲಬುರಗಿಯು ಬಳ್ಳಾರಿ, ರಾಯಚೂರುಗಳೊಡನೆಯೂ ಆಂಧ್ರದ ರಾಯಲಸೀಮೆಯ ಊರುಗಳೊಡನೆಯೂ 3160ನೆಯ ಸಂಖ್ಯೆಯ ಒಂದೇ ಜಿಲ್ಲೆಗೆ ಸೇರಿತು. ಕನ್ನಡ ಬಾರದ ಜಿಲ್ಲಾ ಪಾಲಕರು ಬಂದು ಲೆಕ್ಕಪತ್ರ ನೋಡುವಾಗ ಇಂಗ್ಲಿಷ್ ಹಾಳೆಯಿದ್ದರೆ ಸುಲಭ. ಹಾಗಿದ್ದರೂ ಹೇಳಬೇಕಾದ ಮಾತನ್ನು ಹೇಳಲೇಬೇಕು. ಶಿಬಿರವು ಹಳ್ಳಿಯವರಿಗಾಗಿ, ಅದರ ಸುದ್ದಿಯು ಹಳ್ಳಿಯವರಿಗೆ ತಿಳಿಯದ ಭಾಷೆಯಲ್ಲಿ ಎಂಬುದು ಸೇವೆಗೂ ಸೇವಿತರಿಗೂ ನಡುವೆ ಒಂದು ಗೋಡೆಯಾಗಿ ಉಳಿಯಿತು. ಹಳ್ಳಿಗೆ ತಲುಪಬೇಕಾದ ಕರಪತ್ರಗಳನ್ನು ಮಾತ್ರ ಕನ್ನಡದಲ್ಲಿ, ನಮ್ಮ ಭಾಗದಲ್ಲಾದರೆ ಉರ್ದುವಿನಲ್ಲಿಯೂ, ಬೇರೆಯಾಗಿ ಅಚ್ಚು ಹಾಕಿಸಬೇಕಾಗುತ್ತಿತ್ತು. ನೂರಾರು ಕೈಗಳಿಗೆ ಸೇರಿದ ಆ ಕರಪತ್ರಗಳೇ ಹೆಚ್ಚು ಅಪೂರ್ವವಾಗಿರುವುದು ವಿಚಿತ್ರವಾದರೂ ನಿಜ.

ಪ್ರಕಟಣೆಯು ಹೇಗೆ ಕಾರ್ಯವಾಗುತ್ತದೆ ಎಂಬುದಕ್ಕೆ ನೇತ್ರ ಶಿಬಿರಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಕರ್ನಾಟಕದಲ್ಲಿ ಶಿಬಿರವೆಂದೊಡನೆ ನೆನಪಾಗುವ ಹೆಸರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರದು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಅವರು 1943ರಿಂದ ಊರೂರು ಅಲೆದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಬಡವರ ಬಾಗಿಲಿಗೆ ಒಯ್ದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದುದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದವು. 2005ರಲ್ಲಿ ಅವರು ಲಿಂಗೈಕ್ಯರಾದರು. ಅವರ ಕೈಚಳಕವನ್ನು ಎಲ್ಲರೂ ಕೊಂಡಾಡುವರು. ಆದರೆ ಒಬ್ಬ ವೈದ್ಯನ ಮುಂದೆ ಒಂದೇ ದಿನ ಅಷ್ಟು ಜನ ರೋಗಿಗಳು, ತಪಾಸಣೆ ಮುಗಿಸಿ, ಕಣ್ಣು ತೊಳೆಸಿಕೊಂಡು, ಸರದಿಯಲ್ಲಿ ಮಲಗಿರಬೇಕಾದರೆ ಹಿಂದೆ ಎಷ್ಟು ಕೈಗಳು ದುಡಿದಿರಬೇಕು! ಆ ಕೈಗಳು ಸ್ಥಳೀಯ ಸಂಘಸಂಸ್ಥೆಗಳವು. ರೋಟರಿ, ಲಯನ್ಸ್, ವ್ಯಾಪಾರಿಗಳ ಸಂಘ, ಶಾಲೆಗಳು, ಮಠಗಳು ಎಲ್ಲವೂ ಅದರಲ್ಲಿ ಸೇರಿದ್ದವು.

ಶಿಬಿರಗಳು ಹೆಚ್ಚಾಗಿ ಸುಗ್ಗಿ ಮುಗಿಯುವ, ಹವೆ ತಂಪಾಗಿರುವ ಚಳಿಗಾಲದಲ್ಲಿ ನಡೆಯುತ್ತಿದ್ದವು. ಎರಡು ತಿಂಗಳು ಮೊದಲೇ ಸಭೆಯಲ್ಲಿ ವಿಷಯ ಬರಬೇಕು. ಶಾಲೆಯ ಕೋಣೆಗಳನ್ನು ಯಾರು ಕೇಳುವರು? ಜೋಳದ ರೊಟ್ಟಿ, ಬೇಳೆ, ಗಂಜಿಯ ಹೊಣೆ ಯಾರದು? ಚಾಪೆ, ಕಂಬಳಿ, ನೀರಿನ ಹಂಡೆ, ರಾತ್ರಿಯ ಕಂದೀಲು ಎಲ್ಲಿಂದ ಬರಬೇಕು? ಒಂದೊಂದು ಹೊಣೆಗೂ ಒಬ್ಬೊಬ್ಬರ ಹೆಸರು ವಾರದ ಹಾಳೆಯಲ್ಲಿ ಅಚ್ಚಾಗುತ್ತಿತ್ತು. ಹೆಸರು ಅಚ್ಚಾದ ಮೇಲೆ ತಪ್ಪಿಸಿಕೊಳ್ಳುವ ಬಗೆಯಿಲ್ಲ. ಮುಂದಿನ ವಾರ ಮತ್ತೆ ಅದೇ ಮುಖಗಳ ನಡುವೆ ಕುಳಿತು ಲೆಕ್ಕ ಒಪ್ಪಿಸಬೇಕು. ಸರಕಾರದ ಇಲಾಖೆಗಳಲ್ಲಿ ತಿಂಗಳುಗಟ್ಟಲೆ ಉರುಳುವ ಕಾಗದವು ಇಲ್ಲಿ ಏಳು ದಿನಗಳಲ್ಲಿ ಉತ್ತರ ಕೇಳುತ್ತಿತ್ತು. ವಾರದ ನಿಯಮದ ಶಕ್ತಿ ಇರುವುದು ಇಲ್ಲಿಯೇ.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಹಾಕುತ್ತಿದ್ದರು; ಕಣ್ಣೊಳಗೆ ಕೃತಕ ಮಸೂರವನ್ನು ಕೂಡಿಸುವ ಪದ್ಧತಿ ಶಿಬಿರಗಳಿಗೆ ಇನ್ನೂ ಬಂದಿರಲಿಲ್ಲ. ರೋಗಿಯು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸುಮಾರು ಒಂದು ವಾರ ಅಲ್ಲಾಡದೆ ಮಲಗಬೇಕು. ಪಟ್ಟಿ ಬಿಚ್ಚಿ ಮನೆಗೆ ಹೋದ ಮೇಲೆ ಕೆಲವು ವಾರಗಳ ನಂತರ ದಪ್ಪ ಗಾಜಿನ ಕನ್ನಡಕ ಕೊಡಬೇಕು. ಅದಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯಾದರೂ ದೃಷ್ಟಿ ಮಸುಕು. ಶಿಬಿರದ ಉದ್ಘಾಟನೆಗೆ ಮಂತ್ರಿಗಳು ಬರುವರು, ಹಾರ ಬೀಳುವುದು, ಛಾಯಾಚಿತ್ರ ತೆಗೆಯುವರು. ಕನ್ನಡಕ ಹಂಚುವ ದಿನ ಯಾರೂ ಬರುವುದಿಲ್ಲ. ಆದುದರಿಂದ ಒಂದು ಕ್ಲಬ್ಬಿನ ನಿಜವಾದ ಯೋಗ್ಯತೆಯನ್ನು ಅಳೆಯಬೇಕಾದರೆ ಉದ್ಘಾಟನೆಯ ವಾರದ ಹಾಳೆಯನ್ನು ನೋಡಬಾರದು. ಅದಾದ ಆರನೆಯ ಏಳನೆಯ ವಾರದ ಹಾಳೆಯನ್ನು ತೆರೆದು, ಕನ್ನಡಕದ ಮಾತು ಅಲ್ಲಿದೆಯೇ ಎಂದು ಹುಡುಕಬೇಕು. ಇಂಥ ಪರೀಕ್ಷೆಗೆ ವಾರ್ಷಿಕ ವರದಿಯು ಒದಗುವುದಿಲ್ಲ. ಏಕೆಂದರೆ ವರದಿ ಬರೆಯುವ ಹೊತ್ತಿಗೆ ಎಲ್ಲವೂ ಯಶಸ್ವಿಯಾಗಿಯೇ ಮುಗಿದಿರುತ್ತದೆ! ಲಯನ್ಸ್ ಸಂಸ್ಥೆಯು ಅಂಧತ್ವ ನಿವಾರಣೆಯನ್ನು ತನ್ನ ಮುಖ್ಯ ಕಾರ್ಯವಾಗಿ ಸ್ವೀಕರಿಸಿದುದು, 1925ರಲ್ಲಿ ಹೆಲೆನ್ ಕೆಲರ್ ಅವರು ಅದರ ಸಮ್ಮೇಳನಕ್ಕೆ ಬಂದು ಮಾಡಿದ ಮನವಿಯ ಫಲವಾಗಿ. ಆ ಸಂಸ್ಥೆಯ ಸಭೆಗಳು ಸಾಮಾನ್ಯವಾಗಿ ತಿಂಗಳಿಗೆ ಎರಡು. ಹಾಳೆಗಳ ಕ್ರಮವೂ ಹಾಗೆಯೇ. 1976ರಲ್ಲಿ ಭಾರತ ಸರಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಮುಂದೆ ಶಾಲೆಯ ಕೋಣೆಗಳಲ್ಲಿ ಶಸ್ತ್ರಚಿಕಿತ್ಸೆ ನಿಂತು, ಶಿಬಿರದಲ್ಲಿ ತಪಾಸಣೆ ಮಾತ್ರ ನಡೆದು, ಚಿಕಿತ್ಸೆ ಆಸ್ಪತ್ರೆಗೆ ಹೋಯಿತು. ಅದು ಒಳಿತೇ ಆಯಿತು. ಸೋಂಕಿನ ಭಯ ಕಡಿಮೆಯಾಯಿತು.

ಪೋಲಿಯೋ ನಿರ್ಮೂಲನದ ಕಥೆಯು ಇದಕ್ಕಿಂತ ವಿಸ್ತಾರವಾದದ್ದು, ಆದರೆ ಹೆಚ್ಚು ಪರಿಚಿತವಾದದ್ದು. ಆದುದರಿಂದ ಸಂಕ್ಷೇಪವಾಗಿ ಹೇಳುವೆ. ರೋಟರಿಯು 1985ರಲ್ಲಿ 'ಪೋಲಿಯೋ ಪ್ಲಸ್' ಯೋಜನೆಯನ್ನು ಘೋಷಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಾಗತಿಕ ಗುರಿಯಾಗಿ ಮಾಡಿಕೊಂಡಾಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರು. ಭಾರತದಾದ್ಯಂತ ಮೊದಲ ಪಲ್ಸ್ ಪೋಲಿಯೋ ದಿನವು 1995ರ ಡಿಸೆಂಬರ್ 9ರಂದು ನಡೆಯಿತು. ಕೊನೆಯ ಪ್ರಕರಣವು 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ನಮ್ಮ ಪ್ರದೇಶವು ಪೋಲಿಯೋ ಮುಕ್ತವೆಂದು ಪ್ರಮಾಣಿತವಾಯಿತು. ಲಸಿಕೆ, ಶೀತಲ ಪೆಟ್ಟಿಗೆ, ದಾದಿಯರು, ಅಂಗನವಾಡಿ ಕಾರ್ಯಕರ್ತೆಯರು ಇವೆಲ್ಲ ಸರಕಾರದ ಏರ್ಪಾಡು. ಕ್ಲಬ್ಬುಗಳ ಪಾಲು ಬಟ್ಟೆಯ ಫಲಕ, ಆಟೋದಲ್ಲಿ ಧ್ವನಿವರ್ಧಕ, ಬೂತಿನಲ್ಲಿ ಕುಳಿತವರಿಗೆ ನಾಷ್ಟಾ, ಅನುಮಾನಪಡುವ ತಾಯಂದಿರಿಗೆ ಸಮಾಧಾನ ಹೇಳುವುದು. ಆ ಭಾನುವಾರಗಳ ಯಾದಿಗಳು, ಅಂದರೆ ಯಾವ ಬೂತಿಗೆ ಯಾರು, ಎಷ್ಟು ಗಂಟೆಗೆ ಎಂಬ ವಿವರಗಳು, ಅಂದಂದಿನ ಹಾಳೆಗಳಲ್ಲಿವೆ. ದೇಶದ ಚರಿತ್ರೆಯಲ್ಲಿ ಇಸವಿಗಳು ಮಾತ್ರ ಉಳಿಯುವವು. ಬೂತಿನ ಮೇಜಿನ ಹಿಂದೆ ಕುಳಿತವರ ಹೆಸರು ಉಳಿದರೆ ಇಂಥ ಹಾಳೆಗಳಲ್ಲಿ ಉಳಿಯಬೇಕು.

ಹೊಗಳಿಕೆಯೊಂದನ್ನೇ ಬರೆದರೆ ಇತಿಹಾಸವಾಗದು. ಈ ಹಾಳೆಗಳು ತಮಗರಿಯದೆಯೇ ಹೇಳುವ ಕೆಲವು ಸತ್ಯಗಳುಂಟು. ದೀರ್ಘಕಾಲ ಅವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತಿದ್ದುದು ಜನ್ಮದಿನದ ಯಾದಿಯಲ್ಲಿ ಮತ್ತು 'ಶ್ರೀಮತಿ' ಎಂಬ ಗೌರವದೊಡನೆ ಗಂಡನ ಹೆಸರಿನ ಪಕ್ಕದಲ್ಲಿ ಮಾತ್ರ. ರೋಟರಿಯ ಸದಸ್ಯತ್ವವು ಪುರುಷರಿಗೆ ಮೀಸಲಾಗಿತ್ತು. ಸದಸ್ಯರ ಪತ್ನಿಯರಿಗಾಗಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1924ರಲ್ಲಿ ಹುಟ್ಟಿದ ಇನ್ನರ್ ವೀಲ್ ಸಂಸ್ಥೆ ಬೇರೆಯಾಗಿಯೇ ಇತ್ತು. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡುದಕ್ಕಾಗಿ ತನ್ನ ಮಾನ್ಯತೆಯನ್ನೇ ಕಳೆದುಕೊಂಡಿತು. ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1987ರ ಮೇ 4ರಂದು ತೀರ್ಪು ಮಹಿಳೆಯರ ಪರವಾಗಿ ಬಂದಿತು. 1989ರಲ್ಲಿ ಜಗತ್ತಿನ ಎಲ್ಲ ರೋಟರಿ ಕ್ಲಬ್ಬುಗಳ ಬಾಗಿಲು ಸ್ತ್ರೀಯರಿಗೆ ತೆರೆಯಿತು. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ ಮೊದಲಾದ ಶರಣೆಯರ ಮಾತಿಗೆ ಮನ್ನಣೆಯಿತ್ತ ಪರಂಪರೆಯ ನಾವು, ಇಷ್ಟು ಹಿಂದುಳಿದ ನಿಯಮವನ್ನು ಪ್ರಶ್ನಿಸದೆ ಅನುಸರಿಸಿದೆವಲ್ಲ ಎಂಬುದು ಸೋಜಿಗ.

ಇನ್ನೊಂದು ದೋಷ, ಅಧ್ಯಕ್ಷರ ಅವಧಿಯದು. ರೋಟರಿಯ ವರ್ಷವು ಜುಲೈ 1ರಿಂದ ಜೂನ್ 30ರವರೆಗೆ. ಅಧ್ಯಕ್ಷರು ಪ್ರತಿವರ್ಷವೂ ಬದಲಾಗುವರು. ಒಬ್ಬರೇ ಬೇರು ಬಿಡದಂತೆ ಮಾಡಿದ ಈ ಏರ್ಪಾಡು ಒಳ್ಳೆಯದೇ. ಆದರೆ ಜುಲೈನಲ್ಲಿ ಪದಗ್ರಹಣದ ಉತ್ಸಾಹದಲ್ಲಿ ನೆಟ್ಟ ಸಸಿಗಳು ನಮ್ಮ ಸೀಮೆಯ ಏಪ್ರಿಲ್ ಬಿಸಿಲನ್ನು ಕಾಣುವ ಹೊತ್ತಿಗೆ ಹಳೆಯ ಅಧ್ಯಕ್ಷರು ಬೀಳ್ಕೊಡುಗೆಯ ಸಿದ್ಧತೆಯಲ್ಲಿಯೂ ಹೊಸಬರು ತಮ್ಮ ಯೋಜನೆಯ ಆಲೋಚನೆಯಲ್ಲಿಯೂ ಇರುವರು. ನೀರು ಹಾಕುವವರು ಯಾರು? ವರ್ಷವರ್ಷವೂ ಅದೇ ರಸ್ತೆಯ ಬದಿಗೆ ಸಸಿ ನೆಟ್ಟ ಸುದ್ದಿಯನ್ನು ಓದಿದವರಿಗೆ ಉತ್ತರ ತಿಳಿಯುತ್ತದೆ.

2016ರಲ್ಲಿ ರೋಟರಿಯ ಶಾಸನ ಮಂಡಳಿಯು ವಾರದ ಸಭೆಯ ಕಟ್ಟಳೆಯನ್ನು ಸಡಿಲಿಸಿತು. ತಿಂಗಳಿಗೆ ಎರಡು ಸಭೆ ಸೇರಿದರೂ ಸಾಕೆಂದಾಯಿತು. ನಗರಗಳು ಬೆಳೆದಿವೆ, ದುಡಿಮೆಯ ರೀತಿ ಬದಲಾಗಿದೆ. ಈ ಸಡಿಲಿಕೆಯನ್ನು ದೂರುವಂತಿಲ್ಲ. ಪ್ರಕಟಣೆಗಳು ಈಗ ದೂರವಾಣಿಯ ಪರದೆಯ ಮೇಲೆ ಬರುತ್ತವೆ. ಕ್ಷಣದಲ್ಲಿ ಎಲ್ಲರಿಗೂ ತಲುಪುತ್ತವೆ, ಉಪಕರಣ ಕೆಟ್ಟರೆ ಎಲ್ಲವೂ ಅಳಿಯುತ್ತವೆ. ಹಳೆಯ ಸೈಕ್ಲೋಸ್ಟೈಲ್ ಹಾಳೆಯಾದರೂ ಹಳದಿಗಟ್ಟಿ, ಅಂಚು ಮುರಿದು, ಅಕ್ಷರ ಮಾಸಿಯಾದರೂ ಐವತ್ತು ವರ್ಷ ಉಳಿದೀತು. ಹತ್ತು ವರ್ಷಗಳ ಹಿಂದೆ ದೂರವಾಣಿಯಲ್ಲಿ ಬಂದ ಪ್ರಕಟಣೆಯನ್ನು ಇಂದು ತೋರಿಸಬಲ್ಲವರು ಎಷ್ಟು ಜನ?

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಯ ನಡುವೆ ಮನೆಮನೆಗೆ ಅಲೆದು ವಚನಗಳ ತಾಡೋಲೆಗಳನ್ನು ಕೂಡಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿ ಅವುಗಳನ್ನು ಬೆಳಕಿಗೆ ತಂದರು. ವಚನದ ಓಲೆಗೂ ಕ್ಲಬ್ಬಿನ ಹಾಳೆಗೂ ಹೋಲಿಕೆಯೇ ಎಂದು ಕೆಲವರು ಕೇಳಿಯಾರು. ಹಿರಿಮೆಯಲ್ಲಿ ಹೋಲಿಕೆ ಇಲ್ಲವೇ ಇಲ್ಲ. ಅಟ್ಟದ ಮೇಲೆ ಬಿದ್ದಿರುವ ರೀತಿಯಲ್ಲಿ ಮಾತ್ರ ಹೋಲಿಕೆಯಿದೆ. ಓಲೆಗಳನ್ನು ಪೂಜಿಸುತ್ತ ಹುಳುವಿಗೆ ಬಿಟ್ಟವರಿದ್ದರು. ಹಾಳೆಗಳನ್ನು ಕಟ್ಟಿಟ್ಟು ಗೆದ್ದಲಿಗೆ ಬಿಟ್ಟವರಿದ್ದಾರೆ.

ಕಲಬುರಗಿಯು ಈಗ ನಾಲ್ಕೂ ದಿಕ್ಕಿಗೆ ಹಬ್ಬುತ್ತಿದೆ. ಜೇವರ್ಗಿ ರಸ್ತೆಯ ಕೋಟನೂರಿನಂಥ ಹಳ್ಳಿಗಳ ಸುತ್ತ ಬಡಾವಣೆಗಳು ಎದ್ದಿವೆ. ಹಳೆಯ ಓಣಿಗಳ ಕಲ್ಲಿನ ಮನೆಗಳನ್ನು ಬಿಟ್ಟು ಹೊಸ ಮನೆಗೆ ಬರುವ ಕುಟುಂಬಗಳು ಮೊದಲು ಬಿಟ್ಟುಬರುವುದು ಅಜ್ಜನ ಕಾಗದದ ಗಂಟನ್ನು. ಆಳಂದ, ಚಿತ್ತಾಪುರ, ಸೇಡಂ, ಕಮಲಾಪುರ ಮೊದಲಾದ ಕಡೆಗಳಿಂದ ಬಂದು ನೆಲೆಸಿದವರಿಗೆ ನೆರೆಮನೆಯವರ ಪರಿಚಯವಾಗುವುದೇ ತಡ. ಶಿಕಾಗೋದ ಆ ವಕೀಲನಿಗೆ ಆದ ಒಂಟಿತನವೇ ಇದು. ಅಂಥಲ್ಲಿ ಮತ್ತೆ ಸಂಘಗಳು ಹುಟ್ಟುತ್ತವೆ, ಪ್ರಕಟಣೆಗಳೂ ಹುಟ್ಟುತ್ತವೆ.

ಮಠದ ಪ್ರಸಾದನಿಲಯದಲ್ಲಿ ಓದಿ ಮುಂದೆ ವಕೀಲರೂ ವೈದ್ಯರೂ ವ್ಯಾಪಾರಿಗಳೂ ಆಗಿ ಇಂಥ ಸಂಘಗಳಲ್ಲಿ ದುಡಿದವರು ಈ ಪತ್ರಿಕೆಯ ಓದುಗರಲ್ಲಿ ಹಲವರಿರುವರು. ಅವರ ಮನೆಯಲ್ಲಿ ಹಾಳೆಗಳಿದ್ದರೆ, ಹೊಸದಾಗಿ ಹೊಲಿಗೆ ಹಾಕಿಸದೆ, ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ತೆಗೆದು, ಜುಲೈಯಿಂದ ಜೂನ್‌ವರೆಗೆ ಒಂದೊಂದು ವರ್ಷದ ಕಟ್ಟು ಮಾಡಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ ತಮ್ಮೂರಿನ ಗ್ರಂಥಾಲಯಕ್ಕಾಗಲಿ, ಕಾಲೇಜಿನ ಇತಿಹಾಸ ವಿಭಾಗಕ್ಕಾಗಲಿ, ಮಠದ ಪುಸ್ತಕ ಭಂಡಾರಕ್ಕಾಗಲಿ ಒಪ್ಪಿಸಬಹುದು. ನಡುವೆ ಕೆಲವು ವಾರಗಳ ಹಾಳೆ ಇಲ್ಲದಿದ್ದರೆ ಚಿಂತೆಯಿಲ್ಲ. ಯಾವ ವಾರದ್ದು ಇಲ್ಲವೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು. ಕನ್ನಡ, ಉರ್ದು ಕರಪತ್ರಗಳು ಸಿಕ್ಕರೆ ಬೇರೆಯಾಗಿಯೇ ಕಟ್ಟಿಡಬೇಕು. ಛಾಯಾಚಿತ್ರಗಳಿದ್ದರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರುಗಳನ್ನು ಬರೆಯಬೇಕು, ಅದರಲ್ಲಿಯೂ ಹಿಂದಿನ ಸಾಲಿನಲ್ಲಿ ನಿಂತವರ ಹೆಸರುಗಳನ್ನು. ಮುಂದೆ ಕುರ್ಚಿಯಲ್ಲಿ ಕುಳಿತವರ ಹೆಸರು ಹೇಗೂ ಹಾಳೆಯಲ್ಲಿ ಅಚ್ಚಾಗಿರುತ್ತದೆ.